ಭಾಲ್ಕಿ ಬಾದಶಾನ ನರಿ

ಫೋಟೋ ತೆಗೆಯಲು ಹೋದ ಮಚ್ಛೇಂದ್ರನಿಗೆ ಅವನ ಫೋನು 'ಜಾಗವಿಲ್ಲ' ಎಂದುಬಿಟ್ಟಿತು.

ಅವನು ನಿಂತದ್ದು ಔರಾದಿನ ಹತ್ತಿರ ಬರಗಾಲದ ದನಗಳಿಗೆಂದು ತೆರೆದ ಒಂದು ಮೇವು ಕ್ಯಾಂಪಿನ ಗೇಟಿನಲ್ಲಿ, ಟೆಂಪೋದಿಂದ ಇಳಿಸಿದ ಎಮ್ಮೆಯ ಪಕ್ಕದಲ್ಲಿ. ಮಾಲೀಕ ತನ್ನ ದನದ ಜೊತೆ ನಿಂತ ಫೋಟೋ, ಮಾಲೀಕನ ನಂಬರಿನಿಂದಲೇ, ಸಂಜೆ ನಾಲ್ಕು ಗಂಟೆಯೊಳಗೆ ಕಳಿಸಬೇಕೆಂದು ಕ್ಯಾಂಪಿನ ಕಾನೂನು; ಕಾಗದದಲ್ಲಿ ಎಮ್ಮೆ ಮಚ್ಛೇಂದ್ರನ ಹೆಸರಿಗಿತ್ತು. ಒಳಗೆ ಒಂದೇ ಒಂದು ದನಕ್ಕೆ ಜಾಗ ಉಳಿದಿತ್ತು. ಅದು ಸಿಗದಿದ್ದರೆ ಇದೇ ಟೆಂಪೋ ಎಮ್ಮೆಯನ್ನು ಹೈದರಾಬಾದಿನ ದಲ್ಲಾಳಿಗೆ ಒಯ್ಯುವುದೆಂದು ಮಾತಾಗಿತ್ತು. ಹನ್ನೊಂದು ವರ್ಷ ಅದನ್ನು ಸಾಕಿದ ಅವ್ವ ಕೇಶರಬಾಯಿ ಬೆಳಗಿನಿಂದ ಅದರ ಕೊರಳು ಬಿಟ್ಟಿರಲಿಲ್ಲ.

ಫೋನು ತುಂಬಿದ್ದೇಕೆಂದರೆ, ಅದರೊಳಗೆ ಇನ್ನೂ ನಲವತ್ತೊಂದು ಪ್ರಾಣಿಗಳಿದ್ದವು.

ಮಚ್ಛೇಂದ್ರ ಠಾಣಾ ಕುಶನೂರದ ದರ್ಜಿ. ಆ ಬರದ ವರ್ಷ ಬಟ್ಟೆ ಹೊಲಿಸುವವರೆಲ್ಲ ಪುಣೆಗೆ ದುಡಿಯಲು ಹೋದ ಮೇಲೆ ಅವನು ಜಪಾನಿನವರ ಒಂದು ಆನ್‌ಲೈನ್ ಆಟಕ್ಕೆ ಬಿದ್ದಿದ್ದ. ಅದರಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕಬೇಕು, ದೇಶದೇಶದ ಮಂದಿಯೊಡನೆ ಕೂಡಿ ಕಾದಾಡಬೇಕು. ಹೊತ್ತಿಗೆ ಸರಿಯಾಗಿ ಮೇವು ಹಾಕದಿದ್ದರೆ ಪ್ರಾಣಿ ಸಾಯುತ್ತದೆ. ಊರು ಬಿಡುವವರು ದನಗಳನ್ನು ಉಳಿದವರ ಬಳಿ ಪಾಲಿಗೆ ಬಿಟ್ಟುಹೋಗುವುದು ಈ ಕಡೆಯ ರೂಢಿ. ಆಟದಲ್ಲೂ ಹಾಗೇ ಆಯಿತು. 'ಕುಶನೂರ ಗೌಳಿ' ಎಂಬ ಹೆಸರಿನಲ್ಲಿ ಆಡುತ್ತಿದ್ದ ಮಚ್ಛೇಂದ್ರನಿಗೆ ಪುಣೆಗೆ ಹೋದವರೆಲ್ಲ ತಂತಮ್ಮ ಪ್ರಾಣಿ ಒಪ್ಪಿಸಿದರು. ಮುಖವನ್ನೇ ನೋಡದ 'ಭಾಲ್ಕಿ ಬಾದಶಾ' ಎಂಬುವನು ಕೂಡ, ಕೆಲಸ ಹೆಚ್ಚಾಗಿದೆಯೆಂದು, ತನ್ನ ಮೂರು ಬಾಲದ ನರಿಯನ್ನು ಬಿಟ್ಟಿದ್ದ. ಅದಕ್ಕೆ ದಿನಾ ನಾಲ್ಕರೊಳಗೆ ಮೇವು ಬೀಳಬೇಕು. ಏಳು ತಿಂಗಳಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಅವ್ವನ ಎಮ್ಮೆಗೆ ಅಷ್ಟು ನಿಯಮದಿಂದ ಹಾಕಲು ಊರಲ್ಲಿ ಮೇವೆಲ್ಲಿತ್ತು?

"ಹಾಡು ತಗದ್ ಒಗಿ," ಅಂದ ಒಳಗಿನ ತನ್ನ ದನಕ್ಕೆ ಮೇವಿನ ಸಾಲಿನಲ್ಲಿ ನಿಂತಿದ್ದ ಖಾಜಾ ಮಿಯಾ. ಹಾಡು ಹೋದವು, ಜಾಗವಾಗಲಿಲ್ಲ.

"ಫೋಟೋ ತಗಿ," ಅಂದಳು ಹಿಂದಿದ್ದ ಗಿರಿಜಾಬಾಯಿ. ತಂಗಿಯ ಮದುವೆಯೇ ಅಳಿಸಿಹೋಯಿತು. ಆಗಲೂ ಜಾಗವಾಗಲಿಲ್ಲ.

ಗಿರಿಜಾಬಾಯಿ ಫೋನಿನೊಳಗೆ ಇಣುಕಿದಳು. "ಅಯ್ಯ, ಈ ನರಿ-ಗಿರಿ ಎಲ್ಲಾ ಯಾಕ ಇಟ್ಕೊಂಡೀಯೋ? ಇದನ್ನ ತಗದ್ರ ನಿಮ್ಮವ್ವನ ಎಮ್ಮಿ ಉಳೀತದ!"

"ಮಂದಿ ನಂಬಿ ಬಿಟ್ಟಾರಬೇ!"

"ನಿಮ್ಮವ್ವ ಯಾರನ್ನ ನಂಬ್ಯಾಳೋ?"

ಆಟ ಅಳಿಸಿದರೆ ಮರಳಿ ಒಳಗೆ ಹೋಗಲು ಹದಿನಾರು ಅಕ್ಷರದ ಸಂಕೇತ ಬೇಕು. ಮಚ್ಛೇಂದ್ರ ಅದನ್ನು ಬರೆದಿಟ್ಟಿದ್ದ. ಆದರೆ ದರ್ಜಿ ನೋಡಿ, ಕೈಗೆ ಸಿಕ್ಕ ಸೀಮೆಸುಣ್ಣದಿಂದ, ಪ್ರಮಿಲಾಬಾಯಿ ಹೊಲಿಯಲು ಕೊಟ್ಟಿದ್ದ ಜಂಪರಿನ ಒಳಮಗ್ಗುಲಿಗೆ ಬರೆದಿದ್ದ. ಜಂಪರು ಈಗ ಪುಣೆಯಲ್ಲಿ ಎಷ್ಟು ಒಗೆತ ಕಂಡಿತ್ತೋ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅವ್ವ ಎಮ್ಮೆಯ ಕಣ್ಣಿನ ನೊಣ ಓಡಿಸಿದಳು. ನರಿಗೆ ಆ ದಿನದ ಮೇವು ಇನ್ನೂ ಬಿದ್ದಿರಲಿಲ್ಲ. ಅದರ ನೆನಪೂ ಇಲ್ಲದೆ ಮಚ್ಛೇಂದ್ರ ಕಣ್ಣು ಮುಚ್ಚಿ ಆಟವನ್ನು ಅಳಿಸಿದ, ಫೋಟೋ ತೆಗೆಸಿಕೊಂಡ, ಕಳಿಸಿದ, ಒಳಗೆ ಓಡಿದ.

ಮೇಜಿನ ಹಿಂದೆ ಕ್ಯಾಂಪಿನ ಗುಮಾಸ್ತ ಭಾಲಚಂದ್ರ ಕೂತಿದ್ದ. "ಬಂತ್ರಿ ಫೋಟೋ. ಎಮ್ಮಿ ಚೊಲೋ ಅದ, ನೀವೇ ಸ್ವಲ್ಪ ಸೊರಗೀರಿ," ಎಂದು ನಕ್ಕು ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಅವನ ಫೋನು ಕುಂಯ್ ಎಂದಿತು. ನೋಡಿದವನ ಮುಖ ಕಪ್ಪಿಟ್ಟಿತು.

"ಸತ್ತಿತ್ರೀ!"

"ಯಾರ್ರಿ ಸಾಹೇಬ್ರ?" ಮಚ್ಛೇಂದ್ರ ಗಾಬರಿಯಾದ.

"ನನ್ನ ನರಿ! ಇಲ್ಲಿ ಊರ ದನಕ್ಕೆಲ್ಲಾ ನಾ ಮೇವು ಹಾಕ್ಲತ್ತೀನಿ, ಅಲ್ಲಿ ನನ್ನ ನರಿ ಉಪಾಸ ಸತ್ತಿತು. ಕುಶನೂರ ಗೌಳಿ ಅಂತ ಒಬ್ಬವ ಇದ್ದ, ದೇವರಂಥಾ ಮನಷ್ಯಾ. ನಿನ್ನಿತನಕ ಅವ ಎದುರಿಗೆ ಸಿಕ್ಕಿದ್ರ, ಹತ್ತು ಎಮ್ಮಿ ಫೋಟೋ ಇಲ್ಲದ ಒಳಗ ಬಿಟ್ಕೋತಿದ್ದೆ!"

ಹತ್ತು ಎಮ್ಮೆ ಎಂಬುದೊಂದೇ ಮಚ್ಛೇಂದ್ರನ ಕಿವಿಗೆ ಬಿತ್ತು.

"ಸಾಹೇಬ್ರ, ಆ ಗೌಳಿ ನಾನಽ ರಿ!"

ಭಾಲಚಂದ್ರ ಗಡಿಯಾರ ನೋಡಿದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದ.

"ನಾಲ್ಕು ಹೊಡೀತು. ಕ್ಯಾಂಪ್ ಬಂದ್."

ಹೊರಗೆ ಟೆಂಪೋದವನು ಹಿಂದಿನ ಹಲಗೆ ಇಳಿಸಿಕೊಂಡು ಕಾಯುತ್ತಿದ್ದ.

"ಜಾಗಾ ಸಿಕ್ತೇನೋ ಮಚ್ಛೇಂದ್ರ?" ಅವ್ವ ಕೇಳಿದಳು.

ಅವನು ಫೋನು ನೋಡುತ್ತ ನಿಂತ. ಹಾಡಿಲ್ಲ, ಮದುವೆಯಿಲ್ಲ, ನಲವತ್ತೊಂದರಲ್ಲಿ ಒಂದೂ ಇಲ್ಲ. ಎಮ್ಮೆಯ ಫೋಟೋ ಒಂದೇ ಇತ್ತು. ಅದರ ಸುತ್ತ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು.