ಹಾಯಿದೋಣಿಯಲ್ಲಿ ವರಪರೀಕ್ಷೆ

ಒಂದು ಸುಳ್ಳು, ಅದೂ ಇಷ್ಟೇ ಇಷ್ಟು. ಕನ್ನಡಕದ ಅಂಗಡಿಯವನು ಅದನ್ನು ಹೇಳದೆ ಇದ್ದಿದ್ದರೆ ಆ ಭಾನುವಾರ ನೆಲದ ಮೇಲೆ ನೆಮ್ಮದಿಯಾಗಿರುತ್ತಿದ್ದ.

ಎದುರಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿಯೆಂದರೆ ಅವನಿಗೆ ಪ್ರಾಣ. ಅವಳಿಗೂ ಅವನು ಇಷ್ಟವೇ. ಮದುವೆಯ ಮಾತೆತ್ತಿದಾಗ ಅವಳು, "ನಮ್ಮನೇಲಿ ಒಂದು ಷರತ್ತಿದೆ. ಅಪ್ಪನ ಜೊತೆ ಒಂದು ದಿನ ಹಾಯಿದೋಣೀಲಿ ಹೋಗಿ ಬರಬೇಕು. ಅವರು ಭೇಷ್ ಅಂದ್ರೆ ಮದುವೆ, ಇಲ್ಲಾಂದ್ರೆ ಇಲ್ಲ. ನಿಮಗೆ ಸಮುದ್ರ ಒಗ್ಗುತ್ತಾ?" ಎಂದು ಕೇಳಿದ್ದಳು.

"ಒಗ್ಗೋದೇನು! ಸಮುದ್ರ ಅಂದ್ರೆ ನಂಗೆ ತೊಟ್ಟಿಲಿದ್ದ ಹಾಗೆ," ಎಂದುಬಿಟ್ಟ ಮಹಾರಾಯ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೂ ಹೊಟ್ಟೆ ತೊಳಸುವ ಗಿರಾಕಿ ಅವನು!

ಅವಳಪ್ಪನನ್ನು ಊರೆಲ್ಲ ಕ್ಯಾಪ್ಟನ್ ಎನ್ನುತ್ತಿತ್ತು. ಬಂದರು ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಹಳೆಯ ದೋಣಿಯೊಂದನ್ನೂ ಬಿಳಿ ಟೋಪಿಯೊಂದನ್ನೂ ಕೊಂಡು ಕ್ಯಾಪ್ಟನ್ ಆದವರು. ಭಾನುವಾರ ಬಂತೆಂದರೆ ದಡದುದ್ದಕ್ಕೂ ನಿಧಾನವಾಗಿ ತೇಲುತ್ತ, ಸ್ನೇಹಿತರಿದ್ದಲ್ಲೆಲ್ಲ ಇಳಿದು ಹರಟೆ ಹೊಡೆದು ಬರುವುದು ಅವರ ಪರಿಪಾಠ.

"ಬನ್ನಿ ಬನ್ನಿ! ಅವಸರ ಏನಿಲ್ಲ, ಸಂಜೆವರೆಗೂ ತೇಲ್ತಾ ಇರೋಣ," ಎಂದು ಆ ಭಾನುವಾರ ಬೆಳಿಗ್ಗೆ ಅವನನ್ನು ದೋಣಿಗೆ ಕರೆದರು. ಕನ್ನಡಕದವನು ಹಿಂತಿರುಗಿ ನೆಲವನ್ನೊಮ್ಮೆ ನೋಡಿ ಹತ್ತಿದ.

ದಡ ಬಿಟ್ಟದ್ದೇ ತಡ, ಹೊಟ್ಟೆಯೊಳಗೆ ಯಾರೋ ಮಜ್ಜಿಗೆ ಕಡೆಯತೊಡಗಿದರು. ಬಾಯಿ ಬಿಟ್ಟರೆ ಬಣ್ಣಗೇಡು. ಕ್ಯಾಪ್ಟನ್ ಹಾಯಿ, ಹಗ್ಗ, ಗಾಳಿ ಎಂದು ಎಷ್ಟು ಹೇಳಿದರೂ ಇವನದು ಬರೀ "ಹೂಂ."

"ಅಬ್ಬಾ, ಎಂಥಾ ಮಿತಭಾಷಿ! ದೋಣೀಲಿ ವಟವಟ ಅನ್ನೋರನ್ನ ಕಂಡ್ರೆ ನಂಗಾಗಲ್ಲ," ಎಂದು ಕ್ಯಾಪ್ಟನ್ ಮೆಚ್ಚಿದರು. ತಲೆ ಸುತ್ತಿ ಅವನು ಹಾಯಿಕಂಬವನ್ನು ತಬ್ಬಿ ಕಣ್ಣು ಮುಚ್ಚಿದ. "ಓಹೋ! ಕಣ್ಣು ಮುಚ್ಚಿ ಗಾಳಿ ದಿಕ್ಕು ನೋಡ್ತಿದ್ದೀರಾ? ಹಳೇ ನಾವಿಕರ ವಿದ್ಯೆ ಕಣ್ರೀ ಅದು!"

ಮೊದಲ ನಿಲುಗಡೆ ನಿವೃತ್ತ ಹಲ್ಲಿನ ಡಾಕ್ಟರ ಮನೆ. ದೋಣಿ ದಡ ಮುಟ್ಟುವ ಮೊದಲೇ ಕನ್ನಡಕದವನು ನೆಲ ಕಂಡ ಸಂತೋಷಕ್ಕೆ ಹಾರಿದ. ಮೊಣಕಾಲುದ್ದ ನೀರಿಗೆ ಬಿದ್ದ.

"ಹಗ್ಗ ಕಟ್ಟೋಕೆ ಏನು ಉತ್ಸಾಹ ನೋಡಿ ಡಾಕ್ಟ್ರೇ!"

ಡಾಕ್ಟರು ಭಾವೀ ಅಳಿಯನನ್ನು ಬೆಳಕಿಗೆ ನಿಲ್ಲಿಸಿ, "ಬಾಯಿ ತೆಗೀರಿ," ಎಂದರು. ಅವನು ದೇವರನ್ನು ನೆನೆದು ತೆರೆದ. "ಹಲ್ಲು ಗಟ್ಟಿ. ಆದ್ರೆ ಮುಖ ಯಾಕೋ ಹಸಿರಾಗಿದೆಯಲ್ಲ?"

"ನೀರಿನ ಬಣ್ಣ ಮುಖಕ್ಕೆ ಹೊಡೀತಿದೆ, ಅಷ್ಟೆ," ಎಂದರು ಕ್ಯಾಪ್ಟನ್. ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಹುಡುಗನನ್ನು ಇನ್ನಷ್ಟು ನೋಡಬೇಕೆಂದು ಚಪ್ಪಲಿ ಮೆಟ್ಟಿ ಅವರೂ ದೋಣಿ ಹತ್ತಿದರು.

ಎರಡನೆಯದು ಬೇಕರಿಯಮ್ಮನ ಮನೆ. "ಮದುವೆ ಗಂಡು ಬರಿಹೊಟ್ಟೇಲಿ ಹೋಗೋದುಂಟಾ?" ಎಂದು ಆಕೆ ತಟ್ಟೆ ತುಂಬ ಕೇಕು ತಂದಿಟ್ಟರು. ಅವನು ಕೈ ಅಡ್ಡ ಹಿಡಿದ. ಕ್ಯಾಪ್ಟನ್ನರ ಮುಖ ಬಾಡಿತು. ತಿಂದರೆ ಹೊಟ್ಟೆ ಕೆಡುತ್ತದೆ, ತಿನ್ನದಿದ್ದರೆ ಮದುವೆ ಕೆಡುತ್ತದೆ. ಅಡಕತ್ತರಿಗೆ ಸಿಕ್ಕ ಅಡಿಕೆಯಾದ ಪಾಪದವನು ಗ್ರಂಥಾಲಯದ ಹುಡುಗಿಯನ್ನು ನೆನೆಸಿಕೊಂಡು ತಟ್ಟೆ ಖಾಲಿ ಮಾಡಿದ.

ವಾಪಸು ಬರುವಾಗ ಗಾಳಿ ಎದ್ದಿತು. ದೋಣಿ ಒಂದು ಬದಿಗೆ ವಾಲಿತು. ತಿಂದ ಕೇಕುಗಳೆಲ್ಲ ಒಟ್ಟಿಗೇ ಹೊರಡಲು ಎದ್ದು ನಿಂತವು. ಇನ್ನು ತಡೆಯಲಾರೆ ಎಂದು ಅವನು ಮೇಲೆದ್ದ ಬದಿಗೆ ಓಡಿ, ಸೊಂಟದವರೆಗೂ ಆಚೆ ಬಾಗಿದ. ದೋಣಿ ನೆಟ್ಟಗಾಯಿತು.

"ಶಭಾಷ್!" ಕ್ಯಾಪ್ಟನ್ ಟೋಪಿ ತೆಗೆದು ಬೀಸಿದರು. "ವಾಲಿದಾಗ ಎದುರು ಬದಿಗೆ ತೂಕ ಹಾಕ್ಬೇಕು ಅಂತ ಯಾರಾದ್ರೂ ಹೇಳಿಕೊಟ್ರಾ ಡಾಕ್ಟ್ರೇ? ಹುಟ್ಟುಗುಣ ಅದು!"

ಅಷ್ಟರಲ್ಲಿ ಒಂದು ಅಲೆ ಬಂದು ಅವನ ಮುಖವನ್ನೂ ಸಾಕ್ಷ್ಯವನ್ನೂ ಒಟ್ಟಿಗೆ ತೊಳೆದುಕೊಂಡು ಹೋಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಅವನು ಬದುಕಿದ.

ಸಂಜೆ ಕಟ್ಟೆಯ ಮೇಲೆ ಹುಡುಗಿ ಕಾಯುತ್ತಿದ್ದಳು. "ಪಾಸು!" ಎಂದು ಕ್ಯಾಪ್ಟನ್ ದೂರದಿಂದಲೇ ಕೂಗಿದರು. "ಇಂಥ ಗಂಡು ಸಿಗೋಕೆ ಪುಣ್ಯ ಮಾಡಿರಬೇಕು ಮಗಳೇ!" ಹುಡುಗಿ ಕುಣಿದುಬಿಟ್ಟಳು.

ಕನ್ನಡಕದವನು ತಡವರಿಸುತ್ತ ಇಳಿದು, ಅವಳನ್ನು ಪಕ್ಕಕ್ಕೆ ಕರೆದ. "ನಿಜ ಹೇಳ್ಬಿಡ್ತೀನಿ. ನಂಗೆ ಸಮುದ್ರ ಒಗ್ಗಲ್ಲ. ಹೊಟ್ಟೇಲಿದ್ದದ್ದೆಲ್ಲ ಅದಕ್ಕೇ ಕೊಟ್ಟು ಬಂದೆ. ನಿಮ್ಮಪ್ಪನ ಷರತ್ತು ಅಂತ ಹಲ್ಲು ಕಚ್ಚಿ ಸಹಿಸ್ಕೊಂಡೆ. ಸದ್ಯ, ಮುಗೀತಲ್ಲ!"

"ಅಪ್ಪನ ಷರತ್ತಾ?" ಅವಳು ಕಣ್ಣರಳಿಸಿದಳು. "ಅಪ್ಪ ಪಾಪ, ಯಾರು ಬಂದ್ರೂ ಒಪ್ಪೋರು. ಷರತ್ತು ನಂದು ಕಣ್ರೀ!"

"ನಿಂದಾ?"

"ಅಮ್ಮ ಇನ್ನು ದೋಣಿ ಹತ್ತಲೊಲ್ಲೆ ಅಂದಾಗಿನಿಂದ ಪ್ರತಿ ಭಾನುವಾರ ನಾನೇ ಹೋಗ್ತಿದ್ದೀನಿ. ನಂಗೂ ವಾಂತೀನೇ. ಅಪ್ಪನ್ನ ಒಬ್ಬರನ್ನೇ ಕಳಿಸೋಕೆ ಮನಸ್ಸಾಗಲ್ಲ, ಬರಲ್ಲ ಅನ್ನೋಕೆ ಬಾಯೇ ಬರಲ್ಲ. ದೋಣೀಲಿ ಜೊತೆಗಿರೋಕೆ ಅವರು ಮೆಚ್ಚೋರೊಬ್ಬರು ಸಿಗೋವರೆಗೂ ಮದುವೇನೇ ಬೇಡ ಅಂದ್ಕೊಂಡಿದ್ದೆ. ಇನ್ಮೇಲೆ ಎಲ್ಲಾ ಭಾನುವಾರಾನೂ ನಿಮ್ಮದು!"

ಎಂದು ನಕ್ಕಳು. ಆ ನಗುವಿಗೇ ಅವನು ಮರುಳಾದದ್ದು. ಒಲ್ಲೆ ಎನ್ನಲು ಅವನಿಗೂ ಬಾಯಿ ಬರಲಿಲ್ಲ. ಕಣ್ಣಲ್ಲಿ ಮಾತ್ರ ದಳದಳ ನೀರು ಇಳಿಯಿತು.

ದೋಣಿಯಲ್ಲಿ ಹಾಯಿ ಬಿಚ್ಚುತ್ತಿದ್ದ ಕ್ಯಾಪ್ಟನ್ ಅದನ್ನು ನೋಡಿ ಕರಗಿಹೋದರು.

"ಅಯ್ಯೋ, ದೋಣಿ ಇಳಿದಿದ್ದಕ್ಕೇ ಅಳ್ತಿದ್ದಾರಲ್ಲ ಡಾಕ್ಟ್ರೇ! ಸಮಾಧಾನ ಮಾಡ್ಕೊಳ್ಳಿ ಅಳಿಯಂದಿರೇ. ನಾಳೆ ನಿಮ್ಮ ಅಂಗಡಿಗೆ ರಜಾ ಅಂತ ಮಗಳು ಹೇಳಿದ್ಲು. ನಾನೂ ಕಚೇರಿಗೆ ರಜಾ ಹಾಕ್ತೀನಿ. ಬೆಳಿಗ್ಗೇನೇ ಬಂದ್ಬಿಡಿ!"