ಪಂಪಿನ ಸೊಂಟದಳತೆ

ಬೆಳಿಗ್ಗೆ ಕಟ್ಟಡದ ನೀರಿನ ಪಂಪು ಕೈಕೊಟ್ಟಿತು. ಎಲ್ಲರ ಕಣ್ಣೂ ಕೆಳಮನೆಯ ಹುಡುಗನ ಮೇಲೆ ಬಿತ್ತು. ಮಗ ತರಬೇತಿ ಕೇಂದ್ರದಲ್ಲಿ ಮೋಟಾರ್ ರಿಪೇರಿ ಕಲಿಯುತ್ತಿದ್ದಾನೆಂದು ಅವನಪ್ಪ ಡಂಗುರ ಸಾರಿದ್ದರು. ಪಾಪ, ಅವನು ಕಲಿಯುತ್ತಿದ್ದುದು ಹೊಲಿಗೆ. ಗೊತ್ತಾದರೆ ಅಪ್ಪ ಕೇಂದ್ರ ಬಿಡಿಸಿ, ತಾವು ಕೆಲಸ ಮಾಡುವ ಗೋದಾಮಿನಲ್ಲಿ ಮೂಟೆ ಹೊರಲು ಹಚ್ಚುವುದು ಖಂಡಿತ.

"ಹೋಗೋ, ಒಂದು ಕೈ ನೋಡು," ಎಂದರು ಅಪ್ಪ, ಎದೆಯುಬ್ಬಿಸಿ.

"ನನ್ನ ಮಗಳಿಗೆ ಇದೆಲ್ಲ ತಲೆಗೆ ಹತ್ತಲ್ಲಪ್ಪ," ಎಂದರು ಮೇಲ್ಮನೆಯ ಆಂಟಿ. "ಅದೇ ಕೇಂದ್ರದಲ್ಲಿ ಅವಳದೇನಿದ್ರೂ ಹೊಲಿಗೆ ಕ್ಲಾಸು. ನಾನು ಹಾಕ್ಕೊಂಡಿರೋ ಈ ಗೌನು ಅವಳೇ ಹೊಲಿದಿದ್ದು."

ಹುಡುಗ ಸ್ಪ್ಯಾನರ್ ಹಿಡಿದು ಕೂತ. ಗುರುತು ಹಾಕದೆ ಅವನ ಕೈ ಓಡದು. ಜೇಬಿನ ಸೀಮೆಸುಣ್ಣ ತೆಗೆದು ಒಂದೊಂದು ಜೋಡಣೆಗೂ ಅಡ್ಡಗೆರೆ ಎಳೆದ. ಅಳತೆ ಟೇಪನ್ನೂ ಪಂಪಿಗೆ ಸುತ್ತಿದ.

"ಪಂಪಿನ ಸೊಂಟದಳತೆ ಯಾಕೋ?"

"ಈಗಿನ ಪದ್ಧತಿ ಅಪ್ಪ."

ಮಧ್ಯಾಹ್ನದ ಹೊತ್ತಿಗೆ ಪಂಪು ಸಂಸಾರ ಸಮೇತ ಚಾಪೆಯ ಮೇಲೆ ಹರಡಿಕೊಂಡಿತ್ತು. ತಲೆಗೆ ಸೋಪು ಹಚ್ಚಿಕೊಂಡವರೊಬ್ಬರು ಮೇಲಿನಿಂದ ಇನ್ನೂ ಬೈಯುತ್ತಲೇ ಇದ್ದರು.

ಕೊನೆಗೆ ಆಂಟಿಯ ಮಗಳು ದಡದಡ ಇಳಿದು ಬಂದಳು. "ಇನ್ನು ನೋಡೋಕಾಗಲ್ಲ," ಎಂದವಳೇ ಗೆರೆಗೆ ಗೆರೆ ಕೂಡಿಸಿ ಸರಸರ ಜೋಡಿಸಿದಳು. ಮೇಲಿನ ಮುಚ್ಚಳ ತೆಗೆದು, ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಸುರಿದಳು. "ಒಳಗೆ ಗಾಳಿ ಸೇರ್ಕೊಂಡಿತ್ತು, ಅಷ್ಟೆ. ಗುರುತು ಹಾಕಿದ್ದು ಒಳ್ಳೇದಾಯ್ತು."

ಪಂಪು ಗುರ್ರೆಂದು ಓಡಿತು.

"ಇದನ್ನೆಲ್ಲ ಹೊಲಿಗೆ ಕ್ಲಾಸಲ್ಲಿ ಕಲಿಸ್ತಾರೇನೇ?" ಆಂಟಿ ಬೆರಗಾದರು.

"ಇಲ್ಲಮ್ಮ, ಮೋಟಾರ್ ಕ್ಲಾಸಲ್ಲಿ. ಅಲ್ಲಿ ನಾನೊಬ್ಬಳೇ ಹುಡುಗಿ. ಹೊಲಿಗೆ ಕ್ಲಾಸಲ್ಲಿ ಇವನೊಬ್ಬನೇ ಹುಡುಗ. ನಿನ್ನ ಗೌನು ಹೊಲಿದವನೂ ಇವನೇ."

ಆಂಟಿ ಗೌನನ್ನೊಮ್ಮೆ, ಪಂಪನ್ನೊಮ್ಮೆ ನೋಡಿದರು. ಆಮೇಲೆ ಮೇಲಿನವರಿಗೆ ಕೇಳಲೆಂದೇ ಹೇಳಿದರು: "ರಿಪೇರಿ ಮಾಡಿದ್ದು ನನ್ನ ಮಗಳು ಕಣ್ರೀ."

ಹುಡುಗ ಮೆಲ್ಲಗೆ ಟೇಪನ್ನು ಜೇಬಿಗೆ ತುರುಕಿದ. ಅಪ್ಪ ಕಣ್ಣು ಕಿರಿದು ಮಾಡಿ ಗೌನನ್ನೇ ನೋಡುತ್ತಿದ್ದರು.

"ಹೊಲಿಗೆ ಪರವಾಗಿಲ್ಲ. ಎಡತೋಳಿನ ನೆರಿಗೆ ಮಾತ್ರ ಒಂದೇ ಕಡೆ ಗುಂಪಾಗಿದೆ."

"ನಿಮಗೆ ಹೇಗೆ ಗೊತ್ತಪ್ಪ?"

ಅಪ್ಪ ಕೆಮ್ಮಿದರು. "ನನ್ನ ಮೈಮೇಲಿರೋ ಅಂಗಿ ಯಾರು ಹೊಲಿದಿದ್ದು ಅಂದ್ಕೊಂಡೆ? ಗೋದಾಮಿನ ಬಾಗಿಲು ಹಾಕ್ಕೊಂಡು ನಾನೇ. ನಂಗೆ ಕಲಿಸೋರೂ ಇರಲಿಲ್ಲ, ಹೇಳ್ಕೊಳ್ಳೋ ಧೈರ್ಯಾನೂ ಇರಲಿಲ್ಲ. ನೀನು ಕಲಿ."

ಹುಡುಗನಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಆದರೆ ಅದು ಆಂಟಿ ಮನೆಗೆ ಹೋಗಿ ಗೌನು ಬದಲಿಸಿ, ತೋಳು ಸರಿಮಾಡಲೆಂದು ಅದನ್ನು ಕೆಳಗೆ ಕಳಿಸುವವರೆಗೆ ಮಾತ್ರ. ಅಪ್ಪ ಕನ್ನಡಕ ಏರಿಸಿ ಪಕ್ಕದಲ್ಲೇ ಕೂತರು. "ತೋಳು ಬಿಚ್ಚು," ಎಂದರು. ಬಿಚ್ಚಿ ಹೊಲಿದ. "ಮತ್ತೆ ಬಿಚ್ಚು." ಮತ್ತೆ ಹೊಲಿದ. "ಇನ್ನೊಂದ್ಸಲ."

ತರಬೇತಿ ಕೇಂದ್ರಕ್ಕಾದರೂ ಭಾನುವಾರ ರಜೆ ಇತ್ತು. ಈ ಮೇಷ್ಟ್ರು ಮನೆಯಲ್ಲೇ ಇರುವವರು.