ಆಗದೇ ಹೋದ ಸಭೆ

ಗೌಸಮೊಹಿದ್ದೀನ ಪಂಚಾಯತಿ ಮೆಂಬರ್ ಆದ ಮೇಲೆ ಪಾಸು ಮಾಡಿಸಿದ ಮೊದಲ ಠರಾವು ಆಡುಗಳದು. ನರೋಣಾದ ಆಚೆಗಿರುವ ಆ ಚಿಕ್ಕ ಊರಿನಲ್ಲಿ ಶಾಲೆಯ ಅಂಗಳದ ಸಸಿಗಳನ್ನೆಲ್ಲ ಆಡುಗಳು ಮೇಯುತ್ತಿದ್ದವು. ಅಂಗಳ ಹೊಕ್ಕ ಆಡನ್ನು ಹಿಡಿದು ಪಂಚಾಯತಿಯ ದನದ ದೊಡ್ಡಿಯಾದ ಕೊಂಡವಾಡದಲ್ಲಿ ಕೂಡಿಹಾಕಬೇಕು, ಒಂದು ತಿಂಗಳು ಬಿಡಬಾರದು ಎಂದು ಅವನು ಸಭೆಯಲ್ಲಿ ಮೇಜು ಗುದ್ದಿ ಹೇಳಿದ್ದ.

ಸಿಕ್ಕಿಬಿದ್ದ ಮೊದಲ ಆಡು ಅವನ ಹೆಂಡತಿ ಬದರುನ್ನಿಸಾಳದು. ಅದೂ ತುಂಬಿದ ಗಬ್ಬ.

"ನಿಮ್ಮ ಕಾನೂನು ನೀವೇ ಉಣ್ರಿ," ಎಂದು ಅವಳು ಒಲೆ ಆರಿಸಿದಳು. "ಆಡ ಬರೂತನಕ ಈ ಮನ್ಯಾಗ ರೊಟ್ಟಿ ಇಲ್ಲ."

ಹಸಿದು ಹೊರಬಿದ್ದವನಿಗೆ ಪಕ್ಕದ ಮನೆಯ ಗುರುನಾಥ ಸಿಕ್ಕ. ಹೊಲದ ಬಾಂದಿನ ಜಗಳಕ್ಕೆ ವರ್ಷಗಟ್ಟಲೆ ಆಳಂದದ ಕೋರ್ಟಿಗೆ ಅಲೆದು ಅವನು ಅರ್ಧ ವಕೀಲನಾಗಿದ್ದ.

"ನಾ ಮೆಂಬರ್ ಆಗಿದ್ದು ಆಡಿಗೂ ಛಲೋ ಆಗಲಿಲ್ಲ, ನನಗೂ ಆಗಲಿಲ್ಲ," ಎಂದ ಗೌಸಮೊಹಿದ್ದೀನ. "ಠರಾವು ರದ್ದು ಮಾಡಸೂದು ಹ್ಯಾಂಗಪಾ?"

"ರದ್ದು ಮಾಡಿದ್ರ ಇವತ್ತಿನಿಂದಷ್ಟೇ ರದ್ದು. ನಿನ್ನೆ ಹಿಡದ ಆಡ ಒಳಗೇ ಇರ್ತದ. ಸಭಾನೇ ಶೂನ್ಯ ಅನ್ನಿಸ್ರಿ. ಆಗ ಠರಾವು ಹುಟ್ಟೇ ಇಲ್ಲ, ಆಡ ಹಿಡದೇ ಇಲ್ಲ. ಆವತ್ತಿನ ಸಭಾದ ನೋಟಿಸ್ ಒಬ್ಬ ಮೆಂಬರಗ ಮುಟ್ಟೇ ಇಲ್ಲಂತ, ಅದನ್ನ ಹಿಡೀರಿ."

ಗೌಸಮೊಹಿದ್ದೀನ ಪಂಚಾಯತಿಗೆ ಓಡಿದ. ಮೆಂಬರುಗಳನ್ನೆಲ್ಲ ಕರೆಸಿ, ಅದೇ ಮೇಜನ್ನು ಮತ್ತೆ ಗುದ್ದಿ, ತನ್ನ ಠರಾವಿನ ವಿರುದ್ಧ ತಾನೇ ಭಾಷಣ ಮಾಡಿದ. ಗಿರಣಿಯಲ್ಲಿ ತಾನೇ ತಂದ ಕಾಳನ್ನು ಕಲ್ಲೆಂದು ಜಗಳ ತೆಗೆದವನಂತೆ ಕಾಣುತ್ತಿದ್ದ.

ಪಿಡಿಒ ಸಂಘಮಿತ್ರಾ ಕನ್ನಡಕ ಸರಿಪಡಿಸಿಕೊಂಡು ಗೊತ್ತಿಲ್ಲದವರಂತೆ ಕೇಳಿದರು. "ಇಂಥಾ ಠರಾವು ತಂದವರು ಯಾರ್ರಿ?"

"ಒಬ್ಬ ದಡ್ಡ ಮನಷಾರಿ ಮೇಡಂ. ಹೆಸರ ಬ್ಯಾಡ್ರಿ."

ಅವರು ತಾಲೂಕಿನ ಸಾಹೇಬರಿಗೆ ಫೋನು ಹಚ್ಚಿ ವಿಚಾರಿಸಿದರು. ನೋಟಿಸ್ ಮುಟ್ಟದೇ ಇದ್ದದ್ದು ನಿಜವೆಂದಾಯಿತು. "ಪೂರಾ ಸಭಾ ಶೂನ್ಯ ಅಂತ ಬರೀಬೇಕಾಗ್ತದ, ವಿಚಾರ ಮಾಡ್ರಿ."

"ಬೇರು ಸಮೇತ ಕೀಳ್ರಿ," ಎಂದ ಗೌಸಮೊಹಿದ್ದೀನ. ಎಲ್ಲರೂ ಕೈಯೆತ್ತಿದರು.

ಆಡಿನ ಕೊರಳಿಗೆ ಹಗ್ಗ ಕಟ್ಟಿಕೊಂಡು ಅವನು ಮದುಮಗನಂತೆ ಓಣಿ ಹೊಕ್ಕ. ಮನೆಯ ಮುಂದೆ ಪಂಚಾಯತಿಯ ನೀರು ಬಿಡುವ ಪೀರಪ್ಪ ಸಲಿಕೆ ಹಿಡಿದು ಪೈಪಿನ ತಗ್ಗು ಮುಚ್ಚುತ್ತಿದ್ದ.

"ಏನ್ ಮಾಡಾಕತ್ತಿಯೋ?"

"ನಿಮ್ಮ ಓಣಿಗಿ ನಳ ಹಾಕೂದು ಅದೇ ಸಭಾದಾಗ ಪಾಸ್ ಆಗಿತ್ರಿ. ಸಭಾ ಆಗೇ ಇಲ್ಲಂತ ಮೇಡಂ ಅಂದ್ರು. ಅಂದಮ್ಯಾಲ ನಾ ತಗ್ಗು ತೋಡೇ ಇಲ್ಲಲ್ರಿ."

ಆ ನಳಕ್ಕಾಗಿಯೇ ಬದರುನ್ನಿಸಾ ಗಂಡನಿಗೆ ವೋಟು ಹಾಕಿದ್ದಳು. ಅವಳು ಆಡನ್ನು ಗೂಟಕ್ಕೆ ಕಟ್ಟಿ, ಒಳಗಿನಿಂದ ಎರಡು ಖಾಲಿ ಕೊಡ ತಂದು ಅವನ ಕೈಗಿತ್ತಳು.

ಊರಾಚೆಯ ಬೋರಿನ ಹತ್ತಿರ ಹೆಂಗಸರು ಪಾಳಿ ಹಚ್ಚಿದ್ದರು. "ಮೆಂಬರ್ ಸಾಬ್ರ, ಮುಂದ ಬರ್ರಿ," ಎಂದು ಸರಿದು ದಾರಿ ಕೊಟ್ಟರು.

"ಬ್ಯಾಡವ್ವಾ, ಹಿಂದೇ ನಿಲ್ತೇನಿ," ಎಂದ ಗೌಸಮೊಹಿದ್ದೀನ. "ನಾ ಮುಂದ ಬಂದ್ರ ಇದೂ ಬತ್ತೀತು."